ಸೈರನ್ ಕೂಗದ ಮಧ್ಯಾಹ್ನ

ಐಸ್ ಪ್ಲಾಂಟನ್ನು ಒಡೆಯುತ್ತಿದ್ದಾರೆ ಎಂದು ಗುಜರಿಯವನು ಫೋನ್ ಮಾಡಿದ್ದ. ತಾಮ್ರ ಏನಾದರೂ ನನಗೆ ಬೇಕಾದೀತು ಎಂದು ಅವನ ಎಣಿಕೆ. ಬ್ರಹ್ಮಾವರದಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ. ಕುಂದಾಪುರ ದಾಟಿ ಬೈಂದೂರಿನ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಎಡಕ್ಕೆ, ಕಡಲಿನ ಕಡೆಗೆ ಇಳಿಯಬೇಕು. ಹನ್ನೊಂದು ವರ್ಷ ಆ ತಿರುವನ್ನು ನಾನು ಬಸ್ಸಿನ ಬಲಗಡೆಯ ಸೀಟಿನಲ್ಲಿ ಕೂತೇ ದಾಟಿದ್ದೆ.

ಒಳಗೆ ಕಾಲಿಟ್ಟ ಕೂಡಲೇ ಅಮೋನಿಯಾ ವಾಸನೆ ಮೂಗಿಗೆ ಹೊಡೆದು ಆ ಮಳೆಗಾಲವೆಲ್ಲ ಎದ್ದು ಬಂತು ಎಂದು ಬರೆದರೆ ಓದುವುದಕ್ಕೆ ಚೆನ್ನ. ಆದರೆ ಪ್ಲಾಂಟು ನಿಂತು ನಾಲ್ಕು ವರ್ಷವಾಗಿತ್ತು. ಪೈಪುಗಳು ಖಾಲಿ, ಮಾಡಿನ ಶೀಟು ತೆಗೆದಾಗಿತ್ತು, ಇದ್ದದ್ದು ತುಕ್ಕು ಮತ್ತು ಬಾವಲಿ ಹಿಕ್ಕೆಯ ವಾಸನೆ. ಅಮೋನಿಯಾ ನನ್ನ ಕಡೆಯಿಂದಲೇ ಬಂದಿರಬೇಕು. ಮತ್ತೆ ಆ ಮಳೆಗಾಲ ಎದ್ದು ಬರುವುದಕ್ಕೆ ಅದು ಎಲ್ಲಿಗೂ ಹೋಗಿರಲಿಲ್ಲ.

ಪ್ಯಾನೆಲ್ ಬೋರ್ಡು ನೆಲದ ಮೇಲೆ ಅಂಗಾತ ಮಲಗಿತ್ತು. ಅದರ ಬಾಗಿಲಿನಲ್ಲಿ ಮೀಟರು ಇನ್ನೂ ಕೂತಿತ್ತು. “ಅದ್ ಪ್ಲಾಸ್ಟಿಕ್, ಬೇಕಾರೆ ತಕಂಡ್ ಹೋಯ್ನಿ,” ಎಂದ ಗುಜರಿಯವನು.

ಅಂಗೈಯಗಲದ ಪೆಟ್ಟಿಗೆ. ಮೂರು ಫೇಸಿನ ವೋಲ್ಟೇಜನ್ನು ಒಂದು ಕ್ಷಣ ಬಿಡದೆ ನೋಡುತ್ತಿರುತ್ತದೆ. ಆದರೆ ನೋಡಿದ್ದನ್ನೆಲ್ಲ ಬರೆಯುವುದಿಲ್ಲ. ಯಾವುದನ್ನು ಬರೆಯಬೇಕು ಎಂದು ಮೊದಲು ನಾವು ಹೇಳಿಕೊಡಬೇಕು. ವೋಲ್ಟೇಜು ಈ ಗೆರೆಗಿಂತ ಕೆಳಗೆ ಇಳಿದರೆ, ಇಳಿದು ಇಷ್ಟು ಹೊತ್ತು ಅಲ್ಲೇ ಇದ್ದರೆ, ಅದು ಘಟನೆ. ಆಗ ಅದು ಶುರುವಾದ ಹೊತ್ತು, ಮುಗಿದ ಹೊತ್ತು, ನಡುವೆ ಮುಟ್ಟಿದ ತಳ, ಇವನ್ನು ಬರೆದಿಟ್ಟು ಸೈರನ್ ಕೂಗಿಸುತ್ತದೆ. ಮುಗಿಯಿತು ಎನ್ನುವುದಕ್ಕೂ ಅದರದೇ ಕ್ರಮವಿದೆ. ಬಿದ್ದ ಗೆರೆಗೆ ಮರಳಿ ಬಂದರೆ ಸಾಲದು, ಅದಕ್ಕಿಂತ ತುಸು ಮೇಲಿರುವ ಇನ್ನೊಂದು ಗೆರೆಯನ್ನು ದಾಟಬೇಕು. ಇಲ್ಲದಿದ್ದರೆ ಗೆರೆಯ ಮೇಲೆಯೇ ಹೊಯ್ದಾಡುವ ಒಂದೇ ತೊಂದರೆಯನ್ನು ಅದು ನೂರು ಸಲ ಬರೆಯಬೇಕಾಗುತ್ತದೆ. ಬೀಳುವುದು ಒಂದು ಕಡೆ, ಎದ್ದಿತು ಎನ್ನಿಸಿಕೊಳ್ಳುವುದು ಇನ್ನೊಂದು ಕಡೆ. ಈ ನಡುವಿನ ಜಾಗದಲ್ಲಿ ಎಷ್ಟು ವರ್ಷ ಇರಬಹುದು ಎಂದು ಆಗ ನನಗೆ ಗೊತ್ತಿರಲಿಲ್ಲ.

ಆ ಮೀಟರನ್ನು ಕೂರಿಸಿದವನು ನಾನೇ. ಆಗ ನಾನು ಪ್ಲಾಂಟಿನ ಎಲೆಕ್ಟ್ರೀಷಿಯನ್, ವಯಸ್ಸು ಇಪ್ಪತ್ತೊಂಬತ್ತು. ಹಿಂದಿನ ಮಳೆಗಾಲದಲ್ಲಿ ಕರೆಂಟು ಕುಗ್ಗಿ ಒಂದು ಮೋಟಾರು ಸುಟ್ಟಿತ್ತು. ಕುಗ್ಗಿದ್ದಕ್ಕೆ ಸಾಕ್ಷಿ ಬೇಕು ಎಂದು ಪ್ಲಾಂಟಿನ ಧಣಿಗಳು ಅದನ್ನು ತರಿಸಿದ್ದರು. ಸೈರನ್ ಮಾತ್ರ ಹೊಸದಲ್ಲ. ಮಂಜುಗಡ್ಡೆ ಮಾಡಲು ಪೈಪಿನಲ್ಲಿ ಓಡುವ ಅಮೋನಿಯಾ ಗ್ಯಾಸ್ ಸೋರಿದರೆ ಕೂಗಲಿ ಎಂದು ಮೊದಲಿಂದ ಇದ್ದದ್ದು. ಅದಕ್ಕೇ ಮೀಟರಿನ ವಯರನ್ನೂ ಸೇರಿಸಿದೆ.

ಅದರಿಂದ ಎಲ್ಲರಿಗಿಂತ ಹೆಚ್ಚು ಸಮಾಧಾನವಾದದ್ದು ಶೀನಣ್ಣನಿಗೆ. ಶೀನಣ್ಣ ಕಂಪ್ರೆಸರ್ ಆಪರೇಟರು, ಐವತ್ತರ ಹತ್ತಿರದ ಆಳು, ಹದಿನೆಂಟು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತವನು. ಅವನ ಕಷ್ಟ ಒಂದೇ. ಕಂಪ್ರೆಸರನ್ನು ತಣ್ಣಗಿಡುವ ನೀರಿನ ಪಂಪು ಕಟ್ಟಡದ ಹಿಂದೆ ಬಾವಿಯ ಹತ್ತಿರ ಇತ್ತು. ಪಂಪಿನ ಸ್ಟಾರ್ಟರ್ ಸಣ್ಣದು, ಕರೆಂಟು ಕುಗ್ಗಿದರೆ ಕೈಬಿಡುತ್ತಿತ್ತು, ಮತ್ತೆ ಯಾರಾದರೂ ಹೋಗಿ ಒತ್ತಬೇಕು. ಕಂಪ್ರೆಸರಿನದು ದೊಡ್ಡದು, ಹಿಡಿದೇ ಇರುತ್ತಿತ್ತು. ಅಂದರೆ ಪಂಪು ನಿಂತಿರುತ್ತದೆ, ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಪೈಪಿನಲ್ಲಿ ಒತ್ತಡ ಏರುತ್ತಿರುತ್ತದೆ. ಆ ಗದ್ದಲದಲ್ಲಿ ಹಿಂದಿನ ಪಂಪು ನಿಂತದ್ದು ಯಾರಿಗೆ ಕೇಳಬೇಕು? ಮಳೆಗಾಲದಲ್ಲಿ ಲೈಟು ದಿನಕ್ಕೆ ಐವತ್ತು ಸಲ ಮಿಣುಕುತ್ತದೆ, ಐವತ್ತು ಸಲ ಬಾವಿಗೆ ಓಡಲಾಗುವುದಿಲ್ಲ. ಮೀಟರು ಬಂದ ಮೇಲೆ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು: ಸೈರನ್ ಕೂಗಿದರೆ ಪಂಪು ನೋಡುವುದು, ಕೂಗದಿದ್ದರೆ ಕೂತಿರುವುದು. ಹೇಳಿದವನು ನಾನು. ಅವನು ನಂಬಿದ.

“ಹ್ವಾಯ್ ರಾಘು, ನಿನ್ನ್ ಶ್ಯಾನುಭಾಗ ಇವತ್ತ್ ಎಂತ ಬರ್ದ?” ಎಂದು ದಿನಾ ಕೇಳುತ್ತಿದ್ದ. ನಾನು ಮೀಟರನ್ನು ಓದಿ ಹೇಳುತ್ತಿದ್ದೆ. ಅವನು ಗಂಜಿಯ ಕ್ಯಾರಿಯರಿನ ಮುಚ್ಚಳ ತಿರುಗಿಸುತ್ತ ಕೇಳುತ್ತಿದ್ದ, ಊರಿನ ಸುದ್ದಿ ಕೇಳಿದ ಹಾಗೆ.

ಜುಲೈಯಲ್ಲಿ ಬೋಟುಗಳೆಲ್ಲ ದಡದಲ್ಲಿ. ಮೀನುಗಾರಿಕೆ ಬಂದ್, ಪ್ಲಾಂಟೂ ಬಂದ್. ನಾವು ಬಣ್ಣ ಹೊಡೆಯುವುದು, ಪಾತ್ರೆಗಳ ತುಕ್ಕು ಕೆರೆಯುವುದು ಮಾಡುತ್ತಿದ್ದೆವು. ಆ ವರ್ಷದ ಗಾಳಿ ಬೇರೆಯೇ. ತೆಂಗಿನ ಮಡಲು ತಂತಿಗೆ ತಾಗಿದ ಹಾಗೆಲ್ಲ ಕರೆಂಟು ಕುಗ್ಗುತ್ತಿತ್ತು, ಕುಗ್ಗಿದ ಹಾಗೆಲ್ಲ ಸೈರನ್. ಬೆಳಿಗ್ಗೆ, ಊಟದ ಹೊತ್ತು, ಸಂಜೆ. ಪಕ್ಕದ ಮನೆಗಳಲ್ಲಿ ತೊಟ್ಟಿಲ ಮಕ್ಕಳು ಎದ್ದು ಅಳುತ್ತಿದ್ದವು. ಮೀನು ಮಾರುವ ಗಿರಿಜಕ್ಕ ರಸ್ತೆಯಲ್ಲಿ ಕೊಡೆ ಹಿಡಿದು ನಿಂತು ಕೂಗಿದ್ದಳು, “ಹ್ವಾಯ್, ನಿಮ್ಮ್ ಮಿಷನಿಗೆ ಎಂತ, ಹೆರಿಗಿ ಬ್ಯಾನಿಯಾ? ಹೆತ್ತ್ ಮುಗಿತಾ ಇಲ್ಲ್ಯಾ?”

ಧಣಿಗಳು ನನ್ನನ್ನು ಕರೆದು, “ಆ ಕೂಗ್ ಒಂದ್ ನಿಲ್ಸ್ ಮಾರಾಯಾ,” ಎಂದರು.

ವಯರು ಬಿಚ್ಚಿದರೆ ನಿಲ್ಲುತ್ತಿತ್ತು, ಒಂದು ಸ್ಕ್ರೂ. ಆದರೆ ನಾನು ಸೇರಿಸಿದ ರೀತಿಯಲ್ಲಿ ಆ ಸ್ಕ್ರೂ ಬಿಚ್ಚಿದರೆ ಗ್ಯಾಸಿನ ಎಚ್ಚರಿಕೆಯೂ ಹೋಗುತ್ತಿತ್ತು. ಅದು ಅಪಾಯ ಎಂದು ಯೋಚಿಸಿದೆ. ಬೇರೆ ದಾರಿ ಹಿಡಿದೆ. ಮೀಟರಿನ ಒಳಗೆ ಹೋಗಿ ಕಾಯುವ ಹೊತ್ತನ್ನು ಅರ್ಧ ಸೆಕೆಂಡಿನಿಂದ ಹತ್ತು ಸೆಕೆಂಡಿಗೆ ಏರಿಸಿದೆ. ಹತ್ತು ಸೆಕೆಂಡಿಗಿಂತ ಕಡಿಮೆ ಹೊತ್ತು ಕುಗ್ಗಿದ್ದು ಇನ್ನು ಮೇಲೆ ಘಟನೆಯಲ್ಲ. ಸೈರನ್ ಇಲ್ಲ, ಬರಹವೂ ಇಲ್ಲ. ಬುದ್ಧಿವಂತಿಕೆಯ ಕೆಲಸ ಎನಿಸಿತ್ತು. ಮರೆಯದಿರಲಿ ಎಂದು ಪ್ಯಾನೆಲ್ ಬಾಗಿಲಿನ ಒಳಮೈಯಲ್ಲಿ ಮಾರ್ಕರಿನಿಂದ ಬರೆದೂ ಇಟ್ಟೆ: ‘ಡಿಲೇ ೧೦ ಸೆಕೆಂಡ್. ಸೀಸನ್ ಶುರುವಾಗುವಾಗ ಮೊದಲಿನಂತೆ ಮಾಡಬೇಕು.’ ಪ್ಯಾನೆಲ್ಲಿನ ಕೀ ನನ್ನ ಕೈಯಲ್ಲಿ ಮಾತ್ರ ಇತ್ತು.

ಸೀಸನ್ ಶುರುವಾಯಿತು. ನಾನು ಮರೆತೆ.

ಮರೆತೆ ಎಂದು ಬರೆದು ಮುಂದೆ ಹೋಗುವುದು ಸುಲಭ. ಆಗಸ್ಟಿನಲ್ಲಿ ಮೊದಲ ಬೋಟುಗಳು ತುಂಬಿ ಬಂದವು, ಹಗಲಿಡೀ ಮಂಜುಗಡ್ಡೆ ಎಳೆಯುವುದು, ಪುಡಿ ಮಾಡುವುದು, ಲೋಡು ಮಾಡುವುದು. ಆ ಬಾಗಿಲನ್ನು ನಾನು ಆಗ ತೆರೆದೇ ಇರಲಿಲ್ಲವೇ? ತೆರೆದಿದ್ದೆ. ಫ್ಯೂಸು ಹಾಕಲು ಒಂದೆರಡು ಸಲವಾದರೂ ತೆರೆದಿರಬೇಕು. ನನ್ನ ಬರಹ ನನ್ನ ಕಣ್ಣ ಮುಂದೆಯೇ ಇದ್ದಿರಬೇಕು. ಓದಿ ನಾಳೆ ಎಂದುಕೊಂಡೆನೋ, ಓದಲೇ ಇಲ್ಲವೋ. ಆ ಜಾಗ ಖಾಲಿ ಇದೆ.

ಚೌತಿಯ ಹಿಂದಿನ ದಿನ, ಮಧ್ಯಾಹ್ನದ ಊಟ ಮುಗಿದ ಮೇಲೆ. ಜಡಿಮಳೆ. ನಾನು ಹೊರಗೆ ಐಸ್ ಪುಡಿ ಮಾಡುವ ಕ್ರಷರಿನ ಕೆಳಗೆ ಅಂಗಾತ ಮಲಗಿ ಬೆಲ್ಟು ಬಿಗಿಯುತ್ತಿದ್ದೆ, ಕೈಯಲ್ಲಿ ತಂತಿಯ ಲ್ಯಾಂಪು. ಗಿರಿಜಕ್ಕ ಬುಟ್ಟಿ ಹಿಡಿದು ಐಸಿಗೆ ಕಾಯುತ್ತ ನಿಂತಿದ್ದಳು. ಲ್ಯಾಂಪು ಒಮ್ಮೆ ಕೆಂಪಗಾಗಿ, ಮೂರೋ ನಾಲ್ಕೋ ಎಣಿಸುವಷ್ಟು ಹೊತ್ತು ಹಾಗೇ ಇದ್ದು, ಮತ್ತೆ ಬೆಳ್ಳಗಾಯಿತು. ಹೀಗೆ ನನಗೆ ಈಗ ಕಾಣುತ್ತದೆ. ಇದು ನನ್ನದೇ ಕಣ್ಣು ಕಂಡದ್ದೋ, ಗಿರಿಜಕ್ಕ ಆಮೇಲೆ ಹೇಳಿದ್ದನ್ನು ಕೇಳಿ ನಾನು ಕಟ್ಟಿಕೊಂಡದ್ದೋ ಎಂದು ಪ್ರಮಾಣ ಮಾಡಿ ಹೇಳಲಾರೆ.

ಆಮೇಲೆ ಎಷ್ಟು ಹೊತ್ತು ಕಳೆಯಿತು ಎನ್ನುವುದೂ ಗೊತ್ತಿಲ್ಲ. ಒಳಗಿಂದ ದೊಡ್ಡ ಬಸ್ಸಿನ ಟಯರು ಒಡೆದಂಥ ಸದ್ದು, ಹಿಂದೆಯೇ ಬಿಡದ ಸಿಳ್ಳು. ಒತ್ತಡ ಮೀರಿ ಸೇಫ್ಟಿ ವಾಲ್ವು ಎದ್ದಿತ್ತು. ಬಿಳಿ ಹೊಗೆ ಬಾಗಿಲಿನಿಂದ ಮಳೆಗೆ ಇಳಿಯಿತು. ಆಗ ಸೈರನ್ ಕೂಗಿತು, ಗ್ಯಾಸಿನದು. ಜನ ಒದ್ದೆ ಬಟ್ಟೆ ಮುಖಕ್ಕೆ ಒತ್ತಿಕೊಂಡು ಗಾಳಿಗೆ ಎದುರಾಗಿ ಓಡಿದರು. ಗಿರಿಜಕ್ಕ ಬುಟ್ಟಿ ಬಿಟ್ಟು ಓಡಿದಳು. ನಾನೂ ಓಡಿದೆ. ಶೀನಣ್ಣ ಒಳಗೇ ಉಳಿದು ಕಂಪ್ರೆಸರ್ ನಿಲ್ಲಿಸಿ, ಎರಡು ವಾಲ್ವು ತಿರುಗಿಸಿ ಮುಚ್ಚಿ, ಗೋಡೆ ತಡವಿಕೊಂಡು ಹೊರಗೆ ಬಂದ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ. ಯಾರೂ ಸಾಯಲಿಲ್ಲ, ಅವನು ವಾಲ್ವು ಮುಚ್ಚಿದ್ದರಿಂದ. ಒತ್ತಡ ಏರಿದಾಗ ಕಂಪ್ರೆಸರನ್ನು ತಾನಾಗಿ ನಿಲ್ಲಿಸಬೇಕಾದ ಸ್ವಿಚ್ಚು ಉಪ್ಪುಗಾಳಿಗೆ ಅಂಟಿ ಹೋಗಿತ್ತು. ಅದನ್ನು ಆಮೇಲೆ ಯಾರೂ ಕೇಳಲಿಲ್ಲ. ಶೀನಣ್ಣನನ್ನು ಕೇಳಿದ್ದು ಒಂದೇ: ಪಂಪು ನಿಂತದ್ದು ನಿನಗೆ ಯಾಕೆ ತಿಳಿಯಲಿಲ್ಲ?

ಚೌತಿ ಕಳೆದು ಐದಾರು ದಿನದ ಮೇಲೆ ಆಫೀಸಿನಲ್ಲಿ ಮಾತಾಯಿತು. ಶೀನಣ್ಣ ಆಸ್ಪತ್ರೆಯಿಂದ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದ. ಅವನ ಹೆಂಡತಿ ಪದ್ದಕ್ಕ ಒಳಗೆ ಬಾರದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಲೈಟ್ ಒಂದ್ಸಲ ಕುಗ್ಗಿತ್ತ್ ಧಣಿ,” ಎಂದ ಶೀನಣ್ಣ. “ಸೈರನ್ ಆತ್ತೋ ಅಂದೇಳಿ ಕಾದೆ. ಆಯ್ಲಿಲ್ಲ. ಪಂಪ್ ಸಮ ಇತ್ತ್ ಅಂದ್ಕಂಡೆ.”

“ಕುಗ್ಗಿದ್ರೆ ಸೈರನ್ ಆಯ್ಕಿತ್ತಲೆ?” ಎಂದರು ಧಣಿಗಳು. “ಎರಡ್ ಪಾಳಿ ಒಟ್ಟಿಗೆ ಮಾಡದ್ದ್ ನೀನ್. ಒರಗಿದ್ದೆ ಅಂದೇಳಿ ಹೇಳ್. ಮನುಷ್ಯಂಗೆ ನಿದ್ರಿ ಬತ್ತ್, ಅದೇನ್ ದೊಡ್ಡ ಸಂಗತಿ ಅಲ್ಲ.”

“ನಾನ್ ಒರಗ್ಲಿಲ್ಲ.”

ಗಿರಿಜಕ್ಕ ಯಾರೂ ಕರೆಯದೆ ಬಂದು ಕಿಟಕಿಯ ಹೊರಗೆ ನಿಂತಿದ್ದಳು. “ಕುಗ್ಗಿದ್ದ್ ಹೌದ್ ಧಣಿ. ನಾನ್ ಕಂಡಿದೆ. ಲೈಟ್ ಕೆಂಪಾಯ್ತ್.”

“ನಿಂಗೆ ಕಿಮಿ ಎತ್ತಿ ಮೀನ್ ತಾಜಾ ಹೌದಾ ಅಂದೇಳಿ ಕಂಡ್ ಗೊತ್ತಿತ್ತ್. ಕರೆಂಟಿನ ಕಿಮಿ ಎಲ್ಲಿತ್ತ್ ಹೇಳ್ ಕಾಂಬ?” ಎಂದರು ಧಣಿಗಳು. ಎರಡು ಮೂರು ಮಂದಿ ನಕ್ಕರು. “ರಾಘು, ಮೀಟರ್ ಕಂಡ್ ಬಾ. ಅದ್ ಎಂತ ಬರ್ದಿತ್ತ್, ಹಾಂಗೇ ಓದ್.”

ನಾನು ಹೋಗಿ ಘಟನೆಗಳ ಪಟ್ಟಿ ತೆಗೆದೆ. ಮರಳಿ ಬಂದು ಎಲ್ಲರಿಗೂ ಕೇಳುವಂತೆ ಹೇಳಿದೆ: “ಆ ದಿನ ಎಂತದೂ ಇಲ್ಲೆ.”

ಅದು ನಿಜ. ಪಟ್ಟಿಯಲ್ಲಿ ಎಂತದೂ ಇರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಅಕ್ಷರಶಃ ನಿಜವಾದ ಮಾತನ್ನು ನಾನು ಇನ್ನೊಂದು ಸಲ ಆಡಿಲ್ಲ. ಡಿಲೇಯ ವಿಷಯ ಯಾಕೆ ಬಾಯಿ ಬಿಡಲಿಲ್ಲ ಎಂದರೆ ಹೆದರಿಕೆ. ಅದಕ್ಕಿಂತ ಘನವಾದ ಕಾರಣವೊಂದನ್ನು ಹನ್ನೊಂದು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ಶೀನಣ್ಣ ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದ. ಸಿಟ್ಟಲ್ಲ. ದಿನಾ ನಾನು ಓದುವುದನ್ನು ಕೇಳುವಾಗ ಇರುತ್ತಿದ್ದ ಅದೇ ನೋಟ. ಅವನು ಮೀಟರನ್ನು ನಂಬಿದ, ತನ್ನ ಮೇಲೆಯೇ ಒಂದು ಕ್ಷಣ ಸಂಶಯಪಟ್ಟ. ಪದ್ದಕ್ಕ ಚೌಕಟ್ಟು ಬಿಟ್ಟು ಅಂಗಳಕ್ಕೆ ಇಳಿದಳು.

ಅವನನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಪಾಳಿಯಲ್ಲಿ ನಿದ್ರೆ ಮಾಡುವವನು ಎಂಬ ಮಾತು ಅವನಿಗಿಂತ ಮೊದಲೇ ಎಲ್ಲ ಐಸ್ ಪ್ಲಾಂಟುಗಳಿಗೆ ಮುಟ್ಟಿತ್ತು. ಆ ಕಣ್ಣು ಮರಳಿ ಬರಲಿಲ್ಲ. ಗಂಡಹೆಂಡತಿ ಕೆರಾಡಿಗೆ, ಪದ್ದಕ್ಕನ ಅಪ್ಪನ ಮನೆಯ ಕಡೆಗೆ ಹೋದರು. ಅಲ್ಲಿ ಯಾರದೋ ತೋಟದಲ್ಲಿ ಮಂಗ ಓಡಿಸುವ ಕೆಲಸ ಎಂದು ಕೇಳಿದೆ. ದಸರೆ ಕಳೆದ ಮೇಲೆ ನಾನೂ ಪ್ಲಾಂಟು ಬಿಟ್ಟೆ.

ಗುಜರಿಯಿಂದ ತಂದ ಮೀಟರನ್ನು ಅಂಗಡಿಯ ಮೇಜಿನ ಮೇಲಿಟ್ಟು, ಎರಡು ವಯರು ಕಟ್ಟಿ ಪ್ಲಗ್ಗಿಗೆ ಹಾಕಿದೆ. ಹಸಿರು ಪರದೆ ಹತ್ತಿತು. ಘಟನೆಗಳ ಪಟ್ಟಿಯಲ್ಲಿ ಆ ಮಳೆಗಾಲದ್ದು ಒಂದೂ ಉಳಿದಿರಲಿಲ್ಲ. ಹೊಸದು ಬಂದ ಹಾಗೆ ಹಳೆಯದನ್ನು ಅದು ಹೊರಗೆ ದೂಡುತ್ತದೆ. ಆದರೆ ಅದರಲ್ಲಿ ಇನ್ನೊಂದು ಪುಟ ಇದೆ. ಗೆರೆ, ಡಿಲೇ ಯಾವುದನ್ನೂ ಕೇಳದೆ, ವೋಲ್ಟೇಜು ಮುಟ್ಟಿದ ಎಲ್ಲಕ್ಕಿಂತ ಕೆಳಗಿನ ಅಂಕಿಯನ್ನೂ ಅದರ ದಿನ, ಹೊತ್ತನ್ನೂ ಬರೆದಿಡುವ ಪುಟ. ಯಾರಾದರೂ ಅಳಿಸುವವರೆಗೆ, ಇಲ್ಲವೇ ವೋಲ್ಟೇಜು ಅದಕ್ಕಿಂತಲೂ ಕೆಳಗೆ ಇಳಿಯುವವರೆಗೆ ಅದು ಇರುತ್ತದೆ. ಆ ಮಧ್ಯಾಹ್ನದ ನಾಲ್ಕು ಸೆಕೆಂಡು ಖಂಡಿತ ಅಲ್ಲಿ ಇದ್ದಿರಬೇಕು. ಆ ಪುಟದ ವಿಷಯ ನನಗೆ ಆಗ ತಿಳಿದಿರಲಿಲ್ಲ, ಅಂಗಡಿ ಹಾಕಿದ ಮೇಲೆ ತಿಳಿಯಿತು, ತಿಳಿದಿದ್ದರೆ ಹೇಳುತ್ತಿದ್ದೆ. ಇಷ್ಟು ವರ್ಷ ನನ್ನ ನೆನಪು ನನಗೆ ಹೇಳುತ್ತಿದ್ದದ್ದು ಇದು.

ಆ ಪುಟ ತೆಗೆದೆ. ಕೆಳಗಿನ ಅಂಕಿ ಯಾವುದೋ ಆಮೇಲಿನ ವರ್ಷದ್ದು. ಅದರ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಈ ಪುಟವನ್ನು ಕೊನೆಯ ಸಲ ಅಳಿಸಿದ್ದು ಯಾವಾಗ ಎಂಬುದು. ಅಳಿಸಿದ್ದನ್ನೂ ಅದು ಬರೆದಿಡುತ್ತದೆ. ಆ ತಾರೀಖಿಗೆ ಯಾವ ದಿನ ಎಂದು ಹಳೆಯ ಪಂಚಾಂಗದಲ್ಲಿ ನೋಡಿದೆ. ಆ ವರ್ಷದ ಚೌತಿ. ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ.

ಅಳಿಸುವುದಕ್ಕೆ ಪಾಸ್‌ವರ್ಡ್ ಬೇಕು. ಅದು ನನಗೆ ಮಾತ್ರ ಗೊತ್ತಿತ್ತು.

ಆ ಚೌತಿಯ ಬೆಳಿಗ್ಗೆ ನಾನು ತೆಕ್ಕಟ್ಟೆಯ ಮನೆಯಲ್ಲಿದ್ದೆ. ಅಮ್ಮ ಪಂಚಕಜ್ಜಾಯಕ್ಕೆ ಎಳ್ಳು ಹುರಿಯುತ್ತಿದ್ದಳು, ಸಿಡಿದ ಎಳ್ಳೊಂದು ನನ್ನ ಕೈಗೆ ತಾಗಿತ್ತು. ಅಷ್ಟು ಸ್ಪಷ್ಟ. ಅದು ಬೇರೆ ಯಾವುದೋ ವರ್ಷದ ಚೌತಿ ಇರಬೇಕು. ಅದನ್ನು ಎತ್ತಿ ತಂದು ಇಲ್ಲಿ ಕೂರಿಸಿಕೊಂಡಿದ್ದೆ. ನಿಜವಾಗಿ ನಾನು ಪ್ಲಾಂಟಿಗೆ ಹೋಗಿದ್ದೆ. ಥಿನ್ನರಿನಲ್ಲಿ ಬಟ್ಟೆ ಅದ್ದಿ ಬಾಗಿಲಿನ ಬರಹ ಉಜ್ಜಿದ್ದು ನೆನಪಿದೆ, ಡಿಲೇ ಮೊದಲಿನಂತೆ ಮಾಡಿದ್ದೂ ನೆನಪಿದೆ. ಇವೆರಡು ಯಾವಾಗಲೋ ಒಂದು ದಿನ ಎಂದಷ್ಟೇ ಇತ್ತು. ಈಗ ಅದಕ್ಕೆ ಒಂದು ಗಂಟೆ, ಒಂದು ನಿಮಿಷ ಸಿಕ್ಕಿತು. ಅಳಿಸುವ ಮೊದಲು ಆ ಅಂಕಿ ಎಷ್ಟಿತ್ತು ಎಂದು ಕೇಳಿದರೆ ಗೊತ್ತಿಲ್ಲ. ಕಂಡಿದ್ದೆ ಎನ್ನುವುದು ಮಾತ್ರ ಗೊತ್ತು. ಕಾಣದೆ ಯಾರೂ ಅಳಿಸುವುದಿಲ್ಲ.

ಮಾರನೆಯ ದಿನ ಕೆರಾಡಿಗೆ ಹೋದೆ. ಮೀಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡಿದ್ದೆ, ವಯರು ಪ್ಲಗ್ಗಿನ ಸಮೇತ. ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು, ದಾರಿಯುದ್ದಕ್ಕೂ ಮುರಿದ ಕೊಂಬೆಗಳು. ಶೀನಣ್ಣ ತೋಟದ ಬದಿಯ ಮನೆಯ ಜಗಲಿಯಲ್ಲಿ ಕೂತಿದ್ದ, ಕಾಲ ಹತ್ತಿರ ಬಡಿಯುವ ತಗಡಿನ ಡಬ್ಬ.

“ಯಾರ್ ಅದ್? ಆ ಬದಿಂದ ಬರ್ಬೇಡಿ, ಆ ಕಣ್ಣ್ ಕಾಂತಿಲ್ಲೆ.”

“ನಾನ್ ಶೀನಣ್ಣ, ರಾಘು.”

“ಓ! ಶ್ಯಾನುಭಾಗನ ಯಜಮಾನ್ರಾ? ಬಾ, ಕೂಕೋ. ಕೈಯಗೆ ಎಂತ?”

“ಅದೇ ಮೀಟರ್.”

“ಇನ್ನೂ ಜೀವ ಇತ್ತಾ ಅದಕ್ಕೆ?”

ಪದ್ದಕ್ಕ ಹೊರಗೆ ಬಂದು ನನ್ನನ್ನು ನೋಡಿ ಚಾಪೆ ಹಾಸಿದಳು. ಗಂಡನಿಗೆ, “ಮಾತಾಡ್ತಾ ಕೂಕಣ್ಬೇಡಿ, ಆಚಿ ತೆಂಗಿಗೆ ಮಂಗ ಬಂದಿತ್ತ್. ನಿಮಗೆ ಎಂತ, ಪ್ರಪಂಚ ಮುಳ್ಗಿರೂ ಒರಗಿಯೇ ಇಪ್ಪುದ್,” ಎಂದು ಒಳಗೆ ಹೋದಳು. ಅವನು ಡಬ್ಬ ಎತ್ತಿ ನಾಲ್ಕು ಸಲ ಬಡಿದ. ಆ ಮಾತು ಅವನಿಗೆ ಹೊಸದಲ್ಲ ಎಂದು ಬಡಿದ ರೀತಿಯಲ್ಲೇ ತಿಳಿಯಿತು.

“ಪ್ಲಗ್ ಎಲ್ಲಿತ್ತ್ ಶೀನಣ್ಣ? ಒಂದ್ ತೋರ್ಸುದಿತ್ತ್.”

“ಪ್ಲಗ್ ಇತ್ತ್. ಕರೆಂಟ್ ಬೆಳಿಗ್ಗೆಯಿಂದ ಇಲ್ಲೆ. ಬಪ್ಪತನ್ಕ ಕೂಕೋ.”

ಕಾಯಬಹುದಿತ್ತು. ಕರೆಂಟು ಬಂದರೆ ಮೀಟರೇ ಹೇಳುತ್ತದೆ, ನಾನು ಬರೀ ಓದಿದರೆ ಸಾಕು, ಅಂದಿನ ಹಾಗೆ. ಚೀಲದಿಂದ ತೆಗೆದಿದ್ದೆ, ತೊಡೆಯ ಮೇಲೆ ಅದರ ಕಪ್ಪು ಪರದೆ, ಅದರಲ್ಲಿ ಮಾಡಿನ ನೀರು ಇಳಿಯುವುದು ಕಾಣುತ್ತಿತ್ತು. ಇನ್ನೊಂದು ಗಳಿಗೆ ಕೂತರೆ ಚಾ ಕುಡಿದು ಎದ್ದು ಹೋಗಿಬಿಡುತ್ತೇನೆ ಎಂದು ನನಗೆ ನನ್ನ ಮೇಲೆಯೇ ಭಯವಾಯಿತು. ಹೇಳಿದೆ. ಜುಲೈಯ ಡಿಲೇ, ಬಾಗಿಲಿನ ಬರಹ, ಥಿನ್ನರು, ಚೌತಿಯ ಬೆಳಿಗ್ಗೆ. ಹೇಳುತ್ತ ಹೋದ ಹಾಗೆ ಎಲ್ಲವೂ ತೀರ ಚಿಕ್ಕದಾಗಿ, ಒಂದು ಗುಂಡಿಯನ್ನು ಮೇಲೆ ಒತ್ತುವ ಬದಲು ಕೆಳಗೆ ಒತ್ತಿದಷ್ಟು ಚಿಕ್ಕದಾಗಿ ಕೇಳಿಸಿತು.

ಶೀನಣ್ಣ ತೋಟದ ಕಡೆಗೇ ನೋಡುತ್ತಿದ್ದ. ಡಬ್ಬವನ್ನು ಕಾಲಿನಿಂದ ಬದಿಗೆ ಸರಿಸಿ, “ಮೀಟರ್ ಹೇಳ್ದೆ ನಿನ್ನ್ ಮಾತ್ ನಂಬುದ್ ಹ್ಯಾಂಗೆ ಮಾರಾಯಾ?” ಎಂದ.



“ಪದ್ದೂ,” ಎಂದು ಅವನು ಕೂಗಿದ. “ಹ್ವಾಯ್, ಇಲ್ಲ್ ಬಾ ಕಾಂಬ. ರಾಘು ಎಂತದೋ ಹೇಳ್ತ.” ಮತ್ತೆ ನನಗೆ, “ಅವ್ಳಿಗೆ ಹೇಳ್. ನಂಗ್ ಹೇಳ್ದಾಂಗೇ ಹೇಳ್, ಒಂದೂ ಬಿಡ್ಬೇಡ.”

ಅವಳು ಚಾದ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಳು. ನಾನು ಇನ್ನೊಂದು ಸಲ ಹೇಳಿದೆ. ಎರಡನೆಯ ಸಲ ಬೇಗ ಮುಗಿಯಿತು. ಅವಳು ನನ್ನ ಕಡೆ ನೋಡಲಿಲ್ಲ, ಲೋಟವನ್ನೂ ಕೊಡಲಿಲ್ಲ. ಗಂಡನ ಬಲಗಣ್ಣಿನ ಬದಿಗೆ ಸರಿದು ನಿಂತು ಕೇಳಿದಳು:

“ಹಂಗಾರೆ ನೀವ್ ಅವತ್ತ್ ಒರಗಿರ್ಲಿಲ್ಯಾ?”

“ಇಲ್ಲೆ ಅಂದಿದೆ ಅಲ್ದಾ,” ಎಂದ ಶೀನಣ್ಣ.

ಒಳಗಿನ ಬಲ್ಬು ಒಮ್ಮೆ ಕೆಂಪಗಾಗಿ, ಮಿಣುಕಿ, ಹತ್ತಿಕೊಂಡಿತು. ಮೀಟರು ಹಚ್ಚಲು ಯಾರೂ ಏಳಲಿಲ್ಲ. ಪ್ಲಗ್ಗು ನನ್ನ ತೊಡೆಯಿಂದ ಜಾರಿ ಜಗಲಿಯ ನೆಲದ ಮೇಲೆ ಹಾಗೇ ಬಿದ್ದಿತ್ತು.